ಐದು ಮಾತು, ಐದು ಬಾಯಿ

ಆಗ ನನಗೆ ಅರವತ್ತೊಂದು. ಇದು ನಡೆದು ಮೂರು ವರ್ಷವಾಯಿತು. ಸಿಟ್ಟು ಮಾತ್ರ ನಿನ್ನೆ ಮೊನ್ನೆಯದರ ಹಾಗೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಮಾತು ತಿದ್ದಬೇಡಿ. ಮಾತು ಯಾರದು ಅನ್ನುವುದರ ಮೇಲೇ ಇಷ್ಟೆಲ್ಲ ಆಗಿದ್ದು.

ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಲೈನಿನಲ್ಲಿ ಕೂತವಳು ನಾನು. ಮೊದಲು ದಾರ ಕತ್ತರಿಸುವ ಹೆಲ್ಪರು, ಆಮೇಲೆ ಕಾಲರ್ ಹೊಲಿಯುವ ಟೈಲರು. ಐವತ್ತೆಂಟು ತುಂಬಿದ ದಿನ ಒಂದು ಹಾರ ಹಾಕಿ, ಸ್ಟೀಲ್ ಡಬ್ಬಿ ಕೊಟ್ಟು, ಚಪ್ಪಾಳೆ ತಟ್ಟಿ ಮನೆಗೆ ಕಳಿಸಿದರು. ಮುಂದಿನ ತಿಂಗಳೇ ಕಂಟ್ರಾಕ್ಟರ್ ಕಡೆಯವಳು ಅಂತ ಕೈಗೆ ಪೊರಕೆ ಕೊಟ್ಟು ಅದೇ ಗೇಟಿನಲ್ಲಿ ಒಳಗೆ ಬಿಟ್ಟುಕೊಂಡರು. ಹೌಸ್‌ಕೀಪಿಂಗ್ ಅಂತ ಅದಕ್ಕೆ ಹೆಸರು. ಮನೆಯೂ ಇಲ್ಲ, ಕಾಯುವುದೂ ಇಲ್ಲ. ಕಕ್ಕಸು ತೊಳೆಯುವುದು.

ಅಲ್ಲಿ ಲೈನಿಗೊಂದು ಮರದ ಬಿಲ್ಲೆ ಇತ್ತು. ನಲವತ್ತು ಹೆಂಗಸರಿಗೆ ಒಂದೇ ಬಿಲ್ಲೆ. ಕಕ್ಕಸಿಗೆ ಹೋಗಬೇಕಾದವಳು ಅದನ್ನು ಕೊರಳಿಗೆ ಹಾಕಿಕೊಂಡು ಬರಬೇಕು, ವಾಪಸು ಹೋಗಿ ಮುಂದಿನವಳಿಗೆ ಕೊಡಬೇಕು. ಅವಳು ಬರುವವರೆಗೆ ಉಳಿದವರು ತೊಡೆ ಒತ್ತಿಕೊಂಡು ಹೊಲಿಯಬೇಕು. ಒಬ್ಬಳು ಹೊತ್ತು ಮಾಡಿದರೆ ಬಾಗಿಲು ಬಡಿದು ಎಬ್ಬಿಸುವುದು ನನ್ನ ಕೆಲಸ. ಬಾಗಿಲು ಬಡಿಯುವಾಗ ಬಾಯಿ ಸುಮ್ಮನಿರುತ್ತದೆಯೇ? ಲೈನಿನಲ್ಲಿದ್ದಾಗ ನನಗೂ ಯಾರೋ ಹಾಗೇ ಬಡಿದಿದ್ದರು. ಬೈಸಿಕೊಂಡದ್ದನ್ನೇ ಬೈದೆ. ಅದು ತಪ್ಪು ಅಂತ ನನಗೆ ಅನ್ನಿಸಿರಲಿಲ್ಲ. ಕೆಲಸ ಅನ್ನಿಸಿತ್ತು.

ಆ ವರ್ಷ ಹೊರಗಿನ ಹುಡುಗಿಯರು ತುಂಬಾ ಬಂದರು. ಒಡಿಶಾ, ಜಾರ್ಖಂಡ್ ಕಡೆಯವರು. ಹತ್ತೊಂಬತ್ತು ಇಪ್ಪತ್ತು ವಯಸ್ಸು. ಕಂಪನಿ ಹಾಸ್ಟೆಲಿನಿಂದ ಸಾಲಾಗಿ ಬರುತ್ತಿದ್ದರು, ಸಾಲಾಗಿ ಹೋಗುತ್ತಿದ್ದರು. ಅವರಿಗೆ ಕನ್ನಡ ಬಾರದು, ಸೂಪರ್‌ವೈಸರಿಗೆ ಅವರ ಭಾಷೆ ಬಾರದು. ಅದಕ್ಕೆ ಯಾವುದೋ ಸಂಸ್ಥೆಯವರನ್ನು ಕರೆಸಿ ಶನಿವಾರ ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಕನ್ನಡ ಕ್ಲಾಸು ಇಟ್ಟರು. ಬಟ್ಟೆ ಕೊಳ್ಳುವ ವಿದೇಶದವರಿಗೆ ಇಂಥದ್ದೆಲ್ಲ ಇಷ್ಟವಂತೆ. ಅಕ್ಷರ ಬಾರದ ನಮ್ಮಂಥ ಕನ್ನಡದವರೂ ಕೂರಬಹುದು ಅಂದರು. ಕೂತಿದ್ದು ನಾವು ಮೂವರು. ವಿದ್ಯೆಯ ಆಸೆಗೆ ಹೋದೆ ಅಂದುಕೊಳ್ಳಬೇಡಿ. ಒಂದು ಗಂಟೆ ಕಾಲು ಚಾಚಿ ಕೂರಬಹುದು ಅಂತ ಹೋದೆ.

ಪಾಠ ಹೇಳಲು ಬರುತ್ತಿದ್ದವಳು ದಾಸರಹಳ್ಳಿಯಿಂದ. ಇಪ್ಪತ್ತೈದರ ಹುಡುಗಿ, ಹೆಗಲಿಗೆ ಬಟ್ಟೆ ಚೀಲ. ನಾನು ಟೀಚರಮ್ಮ ಅನ್ನುತ್ತಿದ್ದೆ. ಅ ಆ ಇ ಈ ಮುಗಿಸುವ ಮೊದಲೇ, ‘ಇವತ್ತು ಕವಿತೆ ಬರೆಯೋಣ’ ಅಂದಳು. ನನಗೆ ನಗು ಬಂತು.

‘ಏನ್ ಟೀಚರಮ್ಮ, ಕೂರಕ್ಕೆ ಬರ್ದೇ ಇರೋರ್ನ ಕುಣಿ ಅಂತೀರಲ್ಲ?’

‘ಕವಿತೆ ಅಂದ್ರೆ ದೊಡ್ಡದೇನಲ್ಲ ಅಜ್ಜಿ. ಒಂದು ಬಣ್ಣ ಹೇಳಿ. ಆ ಬಣ್ಣ ಅಂದ್ರೆ ಏನು ನೆನಪಾಗುತ್ತೆ ಹೇಳಿ. ಅಷ್ಟೇ, ಒಂದು ಸಾಲಾಯ್ತು.’

‘ನಮ್ಮವ್ವಂಗಾದ್ರೆ ಬೀಸೋ ಪದ ಬರ್ತಿತ್ತು. ನಂಗೆ ಮಿಷನ್ ಸದ್ದು ಬಿಟ್ರೆ ಇನ್ನೇನೂ ಬರಲ್ಲ.’

‘ಅದನ್ನೇ ಬರೀರಿ.’

ಆಮೇಲೆ ನಮ್ಮನ್ನು ಜೋಡಿ ಜೋಡಿ ಮಾಡಿದಳು. ಕನ್ನಡ ಮಾತು ಬರುವವಳೊಬ್ಬಳು, ಅಕ್ಷರ ಬೇಗ ಹಿಡಿಯುವವಳೊಬ್ಬಳು. ನನ್ನ ಪಾಲಿಗೆ ಒಡಿಶಾದ ಒಬ್ಬಳು ಬಿದ್ದಳು. ಅವಳ ಊರಲ್ಲಿ ಹತ್ತನೇ ಕ್ಲಾಸು ಪಾಸಾಗಿದ್ದಳಂತೆ. ನಾನು ಎರಡನೇ ಕ್ಲಾಸಿನಲ್ಲಿ ಬಿಟ್ಟು ಬಂದ ಒತ್ತಕ್ಷರಗಳನ್ನು ಅವಳು ಎರಡು ಶನಿವಾರದಲ್ಲಿ ನುಂಗಿಹಾಕಿದಳು. ಮುದ್ದಾದ ಅಕ್ಷರ, ಜೋಡಿಸಿಟ್ಟ ಗುಂಡಿಗಳ ಹಾಗೆ. ನನಗೆ ಹೊಟ್ಟೆಕಿಚ್ಚು. ನಾನು ಬಾಯಲ್ಲಿ ಹೇಳಬೇಕು, ಅವಳು ಬರೆಯಬೇಕು, ಅವಳು ಬರೆದದ್ದನ್ನು ನೋಡಿ ನಾನು ನನ್ನ ಹಾಳೆಗೆ ಇಳಿಸಬೇಕು. ನನ್ನನ್ನು ಮೌಸಿ ಅನ್ನುತ್ತಿದ್ದಳು. ಅವರಲ್ಲಿ ಚಿಕ್ಕಮ್ಮನಿಗೆ ಹಾಗೆ ಅನ್ನುತ್ತಾರಂತೆ. ‘ನಿಂಗ್ಯಾರೇ ಮೌಸಿ’ ಅಂತ ಮೂರು ವಾರ ಬೈದೆ. ಬಿಡಲಿಲ್ಲ.

ಬಣ್ಣದ ಕವಿತೆಯಲ್ಲಿ ಟೀಚರಮ್ಮ ಕೆಂಪು ಅಂದರೆ ಗುಲಾಬಿ, ಬಿಳಿ ಅಂದರೆ ಮಲ್ಲಿಗೆ ಬರುತ್ತದೆ ಅಂದುಕೊಂಡಿದ್ದಳೋ ಏನೋ. ಈ ಹುಡುಗಿ ಬರೆದದ್ದು, ‘ಕೆಂಪು, ಬಾಣದ ಸ್ಟಿಕ್ಕರ್.’ ಹೊಲಿಗೆ ತಪ್ಪಿದ ಕಡೆ ಚೆಕಿಂಗ್‌ನವಳು ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುತ್ತಾಳೆ. ಅದು ಬಂದರೆ ಬಟ್ಟೆ ಬಿಚ್ಚಿ ಮತ್ತೆ ಹೊಲಿಯಬೇಕು, ಬೈಗುಳವೂ ಜೊತೆಗೆ. ನಾನು ಬರೆದದ್ದು, ‘ಬಿಳಿ, ಫಿನಾಯಿಲ್ ನೀರು.’ ಟೀಚರಮ್ಮ ಎರಡನ್ನೂ ಎರಡೆರಡು ಸಲ ಓದಿದಳು. ಆಮೇಲೆ, ‘ಚೆನ್ನಾಗಿದೆ’ ಅಂದಳು. ಚೆನ್ನಾಗಿರಲು ಅದರಲ್ಲಿ ಏನಿತ್ತೋ.

ಐದನೇ ಶನಿವಾರ ಇರಬೇಕು. ಟೀಚರಮ್ಮ ಎಲ್ಲರಿಗೂ ದಪ್ಪ ಹಾಳೆ ಕೊಟ್ಟಳು.

‘ಬೆಳಿಗ್ಗೆ ಎದ್ದಾಗಿಂದ ನಿಮ್ಮ ಕಿವಿಗೆ ಬೀಳೋ ಐದು ಮಾತು ಬರೀರಿ. ಒಂದು ಮಾತು, ಒಂದು ಸಾಲು. ಯಾರು ಅಂದ್ರು ಅಂತ ಬೇಡ. ಆರನೇ ಸಾಲು ಮಾತ್ರ ನಿಮ್ಮ ಸ್ವಂತದ್ದು. ಇವತ್ತು ಜೋಡಿ ಇಲ್ಲ, ಒಬ್ಬೊಬ್ಬರೇ.’

ನಾನು ಒಂದು ಸಾಲು ಬರೆದೆ. ‘ಅಜ್ಜಿ ಇಲ್ಲಿ ಒರಸು.’ ಅಲ್ಲಿಗೆ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷ ಕೇಳಿದ್ದರಲ್ಲಿ ನಾಲ್ಕನ್ನು ಹೇಗೆ ಆರಿಸುವುದು? ತಲೆ ಬಿಸಿಯಾಗಿ ಹಾಳೆ ಮಡಿಚಿ ರವಿಕೆಗೆ ಸಿಕ್ಕಿಸಿಕೊಂಡೆ. ಆ ಹುಡುಗಿ ಮಾತ್ರ ತಲೆ ಎತ್ತದೆ ಬರೆದಳು. ಬರೆದ ಮೇಲೆ ಹಾಳೆಯ ಸುತ್ತ ಹೂವು ಬಳ್ಳಿ ಬಿಡಿಸಿದಳು. ಅವರ ಊರಲ್ಲಿ ಅಕ್ಕಿ ಹಿಟ್ಟಿನಲ್ಲಿ ಗೋಡೆಗೆ ಹಾಗೆ ಬಿಡಿಸುತ್ತಾರಂತೆ. ಆಮೇಲೆ ಎದ್ದು ನಿಂತು ಓದಿದಳು.

ನಿಲ್ಲು ಆಚೆ, ಲೇಟಾಯ್ತು.
ಬೇಗ ಬೇಗ, ಕೈ ಓಡ್ಲಿ.
ಕಣ್ಣು ಮನೇಲಿಟ್ಟು ಬಂದ್ಯಾ?
ತಲೆ ಎತ್ತಿದ್ರೆ ಮನೆಗೆ ಹೋಗ್ತೀಯ.
ಒಳಗೇ ಸಂಸಾರ ಮಾಡ್ಕಂಡಿದ್ದೀಯೇನೇ, ಬಾರೇ ಈಚೆಗೆ.
ನನಗೆ ಬೇರೆ ಕನ್ನಡ ಯಾರೂ ಕಲಿಸಿಲ್ಲ.

ಮೊದಲ ಸಾಲಿಗೇ ಎಲ್ಲರೂ ನಕ್ಕರು, ಗೇಟಿನ ಸೆಕ್ಯುರಿಟಿಯವನ ಮಾತು ಅಂತ ಗೊತ್ತಾಯಿತು. ಎರಡನೆಯದು ಸೂಪರ್‌ವೈಸರ್. ಮೂರನೆಯದು ಚೆಕಿಂಗ್‌ನವಳು. ನಾಲ್ಕನೆಯದು ಫ್ಲೋರ್ ಇನ್‌ಚಾರ್ಜು. ಐದನೆಯದಕ್ಕೆ ಹನ್ನೆರಡು ಜನ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಆರನೆಯ ಸಾಲಿಗೆ ಯಾರೂ ನಗಲಿಲ್ಲ.

ನನ್ನ ಮೈ ಉರಿಯಿತು. ಎದ್ದು ಹೋಗಿ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

‘ಏನೇ, ನಾನ್ ಅಂದಿದ್ದನ್ನ ಊರಿಗೆಲ್ಲಾ ಡಂಗೂರ ಹೊಡೀತಿದೀಯಾ?’

‘ಮೌಸಿ, ನೀನು ರೋಜ್, ದಿನಾ ಹೇಳ್ತೀಯ ಅಲ್ಲ?’

‘ದೊಡ್ಡೋರ್ಗೆ ನೀವು ಅನ್ಬೇಕು ಕಣೇ!’

‘ನೀವು ರೋಜ್ ಹೇಳ್ತೀಯ ಅಲ್ಲ?’

ಮತ್ತೆ ನಗು. ನಾನು ಮಾಪು ಎತ್ತಿಕೊಂಡು ಹೊರಟುಬಿಟ್ಟೆ. ಆ ಸೋಮವಾರ ಅವಳು ಬಿಲ್ಲೆ ಹಾಕಿಕೊಂಡು ಬಂದಾಗ ಬೇಕಂತಲೇ ಬಾಗಿಲು ಎರಡು ಪಟ್ಟು ಜೋರಾಗಿ ಬಡಿದೆ. ಮಾತು ಮಾತ್ರ ಬರಲಿಲ್ಲ. ಬಾಯಿಗೆ ಬಂದ ಮಾತನ್ನು ಅವಳು ಹಾಳೆಯ ಮೇಲೆ ಇಟ್ಟುಕೊಂಡಿದ್ದಾಳೆ ಅನ್ನಿಸಿ ಇನ್ನೂ ಸಿಟ್ಟು ಬಂತು.

ಬುಧವಾರ ಬಟ್ಟೆ ಕೊಳ್ಳುವವರು ಬರುವವರಿದ್ದರು. ಮಂಗಳವಾರವೇ ಕಿಟಕಿ ತೊಳೆಸಿದರು, ಮುಚ್ಚಿದ್ದ ಕುಡಿಯುವ ನೀರಿನ ನಲ್ಲಿ ಬಿಚ್ಚಿಸಿದರು, ಮರದ ಬಿಲ್ಲೆಗಳನ್ನೆಲ್ಲ ಸ್ಟೋರಿನಲ್ಲಿ ಇಟ್ಟು ಬೀಗ ಹಾಕಿದರು. ಎರಡು ದಿನ ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಹೋಗಬಹುದು. ಎಚ್‌ಆರ್ ಮೇಡಂ ಕ್ಲಾಸಿನ ಹಾಳೆಗಳನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಲು ನನ್ನನ್ನು ಕರೆದಳು. ಒಳ್ಳೆ ಮನೆತನದ ಹುಡುಗಿ, ಹುಬ್ಬಳ್ಳಿ ಕಡೆಯವರು, ಹಣೆಯಲ್ಲಿ ಕುಂಕುಮದ ಮೇಲೆ ವಿಭೂತಿಯ ಸಣ್ಣ ಗೆರೆ. ಹಾಳೆ ಒಂದೊಂದಾಗಿ ತಿರುವಿದಳು. ಹೂವಿನ ಹಾಳೆ ಬಂದಾಗ ಕಣ್ಣರಳಿಸಿದಳು.

‘ವಾವ್, ಎಷ್ಟ್ ಚೆನ್ನಾಗಿದೆ! ಅಜ್ಜಿ, ಇದು ಸೆಂಟರ್‌ನಲ್ಲಿ ಬರ್ಲಿ.’

‘ಓದಿದ್ರಾ ಮೇಡಂ?’

‘ನಂಗೆ ಮಾತಾಡಕ್ಕೆ ಬರುತ್ತೆ ಅಜ್ಜಿ, ಓದೋದು ಸ್ವಲ್ಪ ಕಷ್ಟ. ಸ್ಕೂಲಲ್ಲಿ ತಗೊಂಡಿರ್ಲಿಲ್ಲ. ಟೀಚರ್ ನೋಡಿರ್ತಾರಲ್ಲ, ಬಿಡಿ.’

ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಮಾತು ಅದರಲ್ಲಿದ್ದರೂ ಮೇಲಿನವರದ್ದೂ ಇತ್ತಲ್ಲ, ಗೋಡೆ ಮೇಲೆ ಇರಲಿ ಅನ್ನಿಸಿತು. ನಾಲ್ಕು ಮೂಲೆಗೂ ಗಟ್ಟಿಯಾಗಿ ಗೋಂದು ಹಚ್ಚಿ ಒತ್ತಿದೆ. ಸೂಪರ್‌ವೈಸರು, ಇನ್‌ಚಾರ್ಜು ಇಬ್ಬರಿಗೂ ಕನ್ನಡ ಓದಲು ಬರುತ್ತದೆ. ಅವರು ಆ ಗೋಡೆಯ ಮುಂದೆ ಹತ್ತು ಸಲ ಓಡಾಡಿದರು. ಒಬ್ಬನೂ ಓದಲಿಲ್ಲ. ಹುಡುಗಿಯರು ಬರೆದದ್ದರಲ್ಲಿ ಓದುವಂಥದ್ದು ಏನಿರುತ್ತದೆ?

ಬಂದವರು ಮೂವರು. ಒಬ್ಬ ಬಿಳಿಯ ಗಂಡಸು, ಒಬ್ಬಳು ಬಿಳಿಯ ಹೆಂಗಸು, ಅವರಿಗೆ ಮಾತು ತಿಳಿಸಲು ಇಲ್ಲಿಯವಳೇ ಒಬ್ಬಳು ಕನ್ನಡಕದಾಕೆ. ನಾನು ಕಂಬದ ಹಿಂದೆ ಮಾಪು ಹಿಡಿದು ನಿಂತಿದ್ದೆ. ಬಿಳಿಯ ಹೆಂಗಸು ಹೂವಿನ ಹಾಳೆಯ ಮುಂದೆ ನಿಂತಳು, ಬೆರಳಿನಿಂದ ಬಳ್ಳಿ ಮುಟ್ಟಿದಳು, ಏನೋ ಕೇಳಿದಳು. ಕನ್ನಡಕದಾಕೆ ನಗುನಗುತ್ತ ಓದಲು ಶುರುಮಾಡಿದಳು. ಎರಡನೇ ಸಾಲಿಗೆ ನಗು ಹೋಯಿತು. ಕೊನೆಯವರೆಗೆ ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಒಂದೊಂದೇ ಸಾಲು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ನನಗೆ ಇಂಗ್ಲಿಷ್ ಬಾರದು, ಮುಖ ಓದಲು ಬರುತ್ತದೆ. ಬಿಳಿಯ ಹೆಂಗಸು ಎಚ್‌ಆರ್ ಮೇಡಂ ಕಡೆ ತಿರುಗಿದಳು. ಎಚ್‌ಆರ್ ಮೇಡಂ ಇನ್‌ಚಾರ್ಜ್ ಕಡೆ. ಇನ್‌ಚಾರ್ಜು ಆಗ ಓದಿದ. ಮೊದಲ ಸಲ.

ಅವರು ಹೋದ ಅರ್ಧ ಗಂಟೆಗೆ ನನ್ನನ್ನು ಕರೆದು, ‘ಆ ಹಾಳೆ ಕಿತ್ತು ತಗೊಂಡ್ ಬಾ’ ಅಂದರು. ಗಟ್ಟಿಯಾಗಿ ಅಂಟಿಸಿದ್ದೆನಲ್ಲ, ಒಂದು ಮೂಲೆ ಗೋಡೆಯಲ್ಲೇ ಉಳಿಯಿತು. ತೆಗೆದುಕೊಂಡು ಆಫೀಸ್ ರೂಮಿಗೆ ಹೋದರೆ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಎದುರಿಗೆ ಎಚ್‌ಆರ್ ಮೇಡಂ, ಇನ್‌ಚಾರ್ಜು, ಸೂಪರ್‌ವೈಸರು, ಚೆಕಿಂಗ್‌ನವಳು. ಟೀಚರಮ್ಮನನ್ನೂ ಫೋನು ಮಾಡಿ ಕರೆಸಿದ್ದರು, ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ನಾನು ಹಾಳೆ ಮೇಜಿನ ಮೇಲಿಟ್ಟು ಬಾಗಿಲ ಹತ್ತಿರ ನಿಂತೆ. ಹೋಗು ಅಂತ ಯಾರೂ ಅನ್ನಲಿಲ್ಲ. ಪೊರಕೆ ಹಿಡಿದವಳು ಇದ್ದರೂ ಇಲ್ಲದ ಹಾಗೇ.

‘ನಮ್ಮ ಫ್ಲೋರಲ್ಲಿ ಇಂಥ ಮಾತೇ ಆಡಲ್ಲ ಮೇಡಂ,’ ಇನ್‌ಚಾರ್ಜು ಅಂದ. ‘ಇವಳೇ ಹುಟ್ಟಿಸ್ಕೊಂಡು ಬರ್ದಿದ್ದಾಳೆ.’

‘ದೇವ್ರಾಣೆ ನಾನಂತೂ ಅಂದಿಲ್ಲ,’ ಚೆಕಿಂಗ್‌ನವಳು ಅಂದಳು.

‘ನಂಗೆ ಬೇಗ ಅನ್ನೋ ಮಾತು ಬಿಟ್ರೆ ಬೇರೆ ಗೊತ್ತಿಲ್ಲ ಮೇಡಂ,’ ಸೂಪರ್‌ವೈಸರು ಅಂದ. ಅದೊಂದು ನಿಜ.

ಎಚ್‌ಆರ್ ಮೇಡಂ ಹುಡುಗಿಯ ಕಡೆ ನೋಡಿದಳು. ‘ಸಂಜೆಯೊಳಗೆ ಅವರಿಗೆ ಉತ್ತರ ಕಳಿಸ್ಬೇಕು. ಸುಳ್ಳು ಬರೆದೆ ಅಂತ ಒಪ್ಕೊಂಡ್ರೆ ನೀನೇ ಕೆಲಸ ಬಿಟ್ಟ ಹಾಗೆ ಕಳಿಸ್ತೀವಿ. ಇಲ್ದಿದ್ರೆ ನಾವೇ ತೆಗೀತೀವಿ.’

ಎರಡೂ ಒಂದೇ. ಕೆಲಸ ಹೋದರೆ ಹಾಸ್ಟೆಲ್ ಹೋಯಿತು. ಹಾಸ್ಟೆಲ್ ಹೋದರೆ ರೈಲು. ರೈಲು ಇಳಿದ ಕಡೆ ಅವಳ ಅಣ್ಣ ಗೊತ್ತು ಮಾಡಿಟ್ಟಿದ್ದ ಗಂಡು, ಇಬ್ಬರು ಮಕ್ಕಳ ತಂದೆ. ಇದು ಕ್ಲಾಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ‘ನನ್ನ ಊರು’ ಅನ್ನುವ ಕವಿತೆಯಲ್ಲಿ ಅವಳೇ ಬರೆದಿದ್ದಳು.

ಆಗ ಟೀಚರಮ್ಮ ಬಾಯಿ ಬಿಟ್ಟಳು. ‘ಮೇಡಂ, ಇದು ಬರೀ ಒಂದು ಅಭ್ಯಾಸ. ಕವಿತೆ ಅಂದ್ಮೇಲೆ ಕಲ್ಪನೆ ಇರುತ್ತೆ. ಇದನ್ನ ನಿಜ ಅಂತ ತಗೋಬಾರ್ದು.’

‘ನೋಡಿದ್ರಾ!’ ಇನ್‌ಚಾರ್ಜು ಮೇಜು ತಟ್ಟಿದ. ‘ಟೀಚರೇ ಹೇಳ್ತಿದ್ದಾರೆ, ಸುಳ್ಳು ಅಂತ.’

‘ಸುಳ್ಳು ಅಂತ ಅಲ್ಲ...’ ಅಂದಳು ಟೀಚರಮ್ಮ. ಮತ್ತೆ ಬೆವರು ಒರೆಸಿಕೊಂಡಳು.

ಅವಳನ್ನು ಇವತ್ತಿಗೂ ನಾನು ಪೂರ್ತಿ ಕ್ಷಮಿಸಿಲ್ಲ. ಹುಡುಗಿಯನ್ನು ಉಳಿಸಲೆಂದೇ ಅಂದಳು, ಗೊತ್ತು. ಆದರೆ ಕಿವಿಗೆ ಬಿದ್ದದ್ದನ್ನೇ ಬರೀರಿ ಅಂತ ಹಾಳೆ ಕೊಟ್ಟವಳು ಯಾರು? ಬರೆಸುವಾಗ ನಿಜ, ಕೇಳುವಾಗ ಕಲ್ಪನೆ! ಹುಡುಗಿ ಟೀಚರಮ್ಮನನ್ನು ನೋಡಿದ ರೀತಿಯನ್ನು ನಾನು ನೋಡಿದೆ. ಅತ್ತಿರಲಿಲ್ಲ. ತಲೆ ಬಗ್ಗಿಸಿದಳು, ಅಷ್ಟೇ. ಬಿಲ್ಲೆಗೆ ಕಾಯುತ್ತ ಕೂತವಳ ಹಾಗೆ.

‘ಐದನೇ ಮಾತು ನಂದು,’ ಅಂದೆ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ‘ಏನಂದೆ ಅಜ್ಜಿ?’ ಇನ್‌ಚಾರ್ಜು ಕೇಳಿದ.

‘ಒಳಗೇ ಸಂಸಾರ ಮಾಡ್ಕಂಡಿದ್ದೀಯೇನೇ, ಬಾರೇ ಈಚೆಗೆ!’ ಕಕ್ಕಸಿನ ಬಾಗಿಲ ಹತ್ತಿರ ಕೂಗುವ ಹಾಗೇ ಕೂಗಿದೆ. ಆ ರೂಮಿನಲ್ಲಿ ಅದು ಇನ್ನೂ ಜೋರಾಗಿ ಕೇಳಿತು. ‘ದಿನಕ್ಕೆ ಹತ್ತು ಸಲ ಅಂತೀನಿ. ಬೇಕಾದ್ರೆ ಲೈನ್ ನಿಲ್ಸಿ ಕೇಳಿ. ಅವಳು ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ. ನಂದು ನಿಜ ಅಂದ್ಮೇಲೆ ಮೇಲಿನ ನಾಕೂ ಯಾರ್ಯಾರ್ದು ಅಂತ ಅವ್ರವ್ರೇ ಹೇಳ್ಲಿ.’

ಅವರವರು ಹೇಳಲಿ ಅಂತ ಕಾಯುತ್ತ ನಿಂತೆ. ಚೆಕಿಂಗ್‌ನವಳು ಉಗುರು ನೋಡಿಕೊಂಡಳು. ಸೂಪರ್‌ವೈಸರು ಫೋನು ತೆಗೆದ. ಇನ್‌ಚಾರ್ಜಿನ ಮುಖ ಮಾತ್ರ ಕರೆಂಟು ಬಂದ ಹಾಗೆ ಬೆಳಗಿತು.

‘ಮೇಡಂ, ಹಾಗಾದ್ರೆ ಇದೆಲ್ಲಾ ಹೌಸ್‌ಕೀಪಿಂಗ್‌ನವಳ ಬಾಯಿ! ಕಂಟ್ರಾಕ್ಟರ್ ಕಡೆಯವಳು. ನಮ್ಮ ಕಂಪನಿ ಎಂಪ್ಲಾಯೀನೇ ಅಲ್ಲ.’

ಎಚ್‌ಆರ್ ಮೇಡಂ ನಿಟ್ಟುಸಿರು ಬಿಟ್ಟಳು, ಹಲ್ಲುನೋವು ಹೋದವಳ ಹಾಗೆ. ಕಂಪ್ಯೂಟರಿನಲ್ಲಿ ಟಕಟಕ ಹೊಡೆದು ಒಂದು ಹಾಳೆ ತೆಗೆದಳು.

‘ಸೈನ್ ಮಾಡಿ ಅಜ್ಜಿ.’

‘ಇಂಗ್ಲಿಷಲ್ಲೈತೆ.’

‘ನಾನು ಹೇಳ್ತೀನಿ ಅದ್ರಲ್ಲಿ ಏನಿದೆ ಅಂತ.’

‘ನೀವ್ ಹೇಳ್ಬೇಡಿ. ನಾನ್ ಓದ್ತೀನಿ. ಕನ್ನಡದಲ್ಲಿ ಬರೀರಿ. ಕ್ಲಾಸಿಗೆ ಸೇರಿಸಿದ್ದು ಮತ್ಯಾಕೆ?’

ಮೇಡಂಗೆ ಬರೆಯಲು ಬಾರದು. ಸೂಪರ್‌ವೈಸರು ಕೈಯಲ್ಲಿ ಬರೆದ. ನಾನು ಅವರನ್ನೆಲ್ಲ ನಿಲ್ಲಿಸಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ಎಷ್ಟು ಹೊತ್ತಾಯಿತೋ ಆಯಿತು. ಒತ್ತಕ್ಷರ ಬಂದ ಕಡೆ ಟೀಚರಮ್ಮ ಹೇಳಿಕೊಡಲು ಬಾಯಿ ತೆರೆದಳು. ಕೈ ಅಡ್ಡ ಹಿಡಿದೆ. ಅದರಲ್ಲಿ ಹೀಗಿತ್ತು: ಹಾಳೆಯಲ್ಲಿರುವ ಐದೂ ಮಾತುಗಳನ್ನು ನಾನೇ ಆಡಿದ್ದೇನೆ, ಕಂಪನಿಯವರು ಯಾರೂ ಆಡಿಲ್ಲ, ಕೆಲಸಗಾರರಿಗೆ ನನ್ನಿಂದ ನೋವಾಗಿದೆ, ನಾನಾಗಿಯೇ ಕೆಲಸ ಬಿಡುತ್ತಿದ್ದೇನೆ.

‘ನಾಕು ನಂದಲ್ಲ,’ ಅಂದೆ.

‘ಒಂದಾದ್ರೇನು ಐದಾದ್ರೇನು ಅಜ್ಜಿ, ಹೆಂಗೂ ಅಂದಿದ್ದೀಯ,’ ಇನ್‌ಚಾರ್ಜು ಮೆತ್ತಗೆ ಅಂದ. ಅಷ್ಟು ಮೆತ್ತಗಿನ ದನಿ ಅವನಿಗಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ‘ಸೈನ್ ಹಾಕು. ಹುಡುಗಿ ಕೆಲಸ ಉಳಿಯುತ್ತೆ. ಹಾಕ್ಲಿಲ್ವಾ, ಇಬ್ರೂ ನಡೀರಿ.’

ಹಾಕಿದೆ. ಹುಡುಗಿಯ ಮೇಲಿನ ಮಮತೆಯಿಂದ ಅಂತ ಯಾರೂ ಅಂದುಕೊಳ್ಳಬೇಡಿ. ಬೈದವಳು ನಾನು, ಬೈಸಿಕೊಂಡವಳು ಅವಳು. ನನ್ನ ಬಾಯಿಯ ಮಾತಿಗೆ ಅವಳು ರೈಲು ಹತ್ತಬಾರದು, ಅಷ್ಟೇ ಲೆಕ್ಕ. ಕೊರಳಿನ ಐಡಿ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟೆ. ಬಾಗಿಲು ಎಳೆದುಕೊಂಡು ಹೋಗು ಅಂದರು. ತೆರೆದೇ ಬಂದೆ.

ಮಾಪು ಬಕೆಟ್ಟು ಜಾಗಕ್ಕೆ ಇಡಲು ಕಕ್ಕಸಿನ ಹತ್ತಿರ ಹೋದರೆ ಹುಡುಗಿ ಹಿಂದೆಯೇ ಬಂದಳು. ಕೊರಳಲ್ಲಿ ಬಿಲ್ಲೆ ಇರಲಿಲ್ಲ. ಕಾಲಿಗೆ ಬೀಳುತ್ತಾಳೇನೋ, ಬಿದ್ದರೆ ಬೈದು ಕಳಿಸಬೇಕು ಅಂದುಕೊಂಡೆ. ಬೀಳಲಿಲ್ಲ. ಸಿಟ್ಟಿನಲ್ಲಿ ನಿಂತಿದ್ದಳು.

‘ಮೌಸಿ, ನೀನು ಯಾಕೆ ಪೂರಾ ಸೈನ್ ಮಾಡ್ದೆ?’

‘ಯಾಕಾ? ಕೆಲಸ ಉಳೀತಲ್ಲೇ ಮೂದೇವಿ!’

‘ನಾನು ಐದು ಜನ ಬರ್ದೆ. ನೀನು ಒಂದೇ ಜನ ಮಾಡ್ದೆ. ಈಗ ನನ್ನ ಕವಿತೆ ಝೂಟ್ ಆಯ್ತು, ಸುಳ್ಳು ಆಯ್ತು.’

ಕೈಯಲ್ಲಿದ್ದ ಬಕೆಟ್ಟು ಎಸೆಯುವಷ್ಟು ಕೋಪ ಬಂತು. ನಿನಗೋಸ್ಕರ ಕೆಲಸ ಕಳೆದುಕೊಂಡವಳ ಹತ್ತಿರ ಇದಾ ಮಾತು ಅಂತ ಬೈದೆ. ಇನ್ನೂ ಏನೇನೋ ಬೈದೆ, ಅವಳಿಗೆ ಇನ್ನೊಂದು ಕವಿತೆಗೆ ಆಗುವಷ್ಟು. ಅವಳು ಅಲ್ಲೇ ನಿಂತು ಎಲ್ಲ ಕೇಳಿದಳು. ಕೊನೆಗೆ, ‘ಝೂಟ್ ಆಯ್ತು’ ಅಂತ ಇನ್ನೊಂದು ಸಲ ಅಂದು ಲೈನಿಗೆ ಹೋದಳು.

ಬಾಗಲಗುಂಟೆವರೆಗೆ ನಡೆದೇ ಬಂದೆ. ವಠಾರದ ಮೆಟ್ಟಿಲ ಮೇಲೆ ಪಕ್ಕದ ಮನೆಯವಳು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ‘ಏನಕ್ಕ, ಇವತ್ತು ಬೇಗ?’ ಅಂದಳು. ‘ಬೇಗ ಅನ್ಬೇಡ, ಸುಮ್ಕಿರು,’ ಅಂದೆ. ಅವಳಿಗೆ ಏನು ಗೊತ್ತು ಪಾಪ. ರೂಮಿಗೆ ಬಂದು ನೀರು ಕುಡಿದು ಕೂತರೆ ಹುಡುಗಿಯ ಮಾತು ಬೆನ್ನಿಗೆ ಚುಚ್ಚಿದ ಗುಂಡುಪಿನ್ನಿನ ಹಾಗೆ. ಹೊರಳಿದ ಕಡೆಯೆಲ್ಲ ಅದೇ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವರು ನಾಲ್ಕು ಬಾಯಿ ತೊಳೆದುಕೊಂಡು ಆ ನೀರನ್ನು ನನ್ನ ಬಾಯಿಗೆ ಹೊಯ್ದರು. ಹೊಯ್ಯಿ ಅಂತ ಬಾಯಿ ತೆರೆದವಳು ನಾನು. ನನ್ನ ಸೈನು ಅದಕ್ಕೆ ಸಾಕ್ಷಿ.

ರವಿಕೆಯಲ್ಲಿ ಪರ್ಸಿನ ಜೊತೆ ಅದೇ ದಪ್ಪ ಹಾಳೆ ಇತ್ತು, ಶನಿವಾರ ಮಡಿಚಿ ಇಟ್ಟುಕೊಂಡದ್ದು. ‘ಅಜ್ಜಿ ಇಲ್ಲಿ ಒರಸು’ ಅಂತ ಒಂದೇ ಸಾಲು. ಹಾಳೆ ತಿರುಗಿಸಿದೆ. ಬಿಸಿಲು ಇಳಿಯುವವರೆಗೆ ಕೂತು ಬರೆದೆ. ಶನಿವಾರ ಹೊರಡದ ಪೆನ್ನು ಆವತ್ತು ಹೊರಟಿತು. ಯಾರು ಅಂದರು ಅನ್ನುವುದು ಬೇಡ ಅಂತ ಟೀಚರಮ್ಮ ಹೇಳಿದ್ದಳು. ಅಲ್ಲೇ ಅವಳು ತಪ್ಪಿದ್ದು. ನಾನು ಅದನ್ನೂ ಬರೆದೆ. ಹುಡುಗಿಯ ಸುದ್ದಿ ಎತ್ತಲಿಲ್ಲ. ಅವಳು ಬರುವ ಎಷ್ಟೋ ಮೊದಲೇ ಈ ಮಾತುಗಳು ಅಲ್ಲಿದ್ದವು.

ಇಪ್ಪತ್ತೆರಡು ವರ್ಷ ನಾನು ಕೇಳಿದ್ದು.
ನಿಲ್ಲು ಆಚೆ. ಗೇಟಿನವನು ಅಂದದ್ದು.
ಬೇಗ ಬೇಗ. ಸೂಪರವೈಸರು ಅಂದದ್ದು.
ಕಣ್ಣು ಮನೇಲಿ ಇಟ್ಟು ಬಂದ್ಯಾ. ಚೆಕಿಂಗಿನವಳು ಅಂದದ್ದು.
ತಲೆ ಎತ್ತಿದರೆ ಮನೆಗೆ. ಇನಚಾರ್ಜು ಅಂದದ್ದು.
ಒಳಗೇ ಸಂಸಾರ ಮಾಡ್ಕಂಡಿದಿಯಾ. ಇದು ನಾನು ಅಂದದ್ದು.
ಇದೊಂದೇ ನಂದು. ಮೇಲಿನ ನಾಕು ನಂದಲ್ಲ.

ಕೆಳಗೆ ಸೈನು ಹಾಕಿದೆ, ಆ ಕಾಗದದ ಮೇಲೆ ಹಾಕಿದ ಹಾಗೇ.

ಮಾರನೆಯ ಬೆಳಿಗ್ಗೆ ಒಂದು ಹಿಡಿ ಮೈದಾ ಕುದಿಸಿ ಅಂಟು ಮಾಡಿ, ಡಬ್ಬಿಗೆ ಹಾಕಿಕೊಂಡು, ಕೆಲಸದ ಹೊತ್ತಿಗೇ ಹೊರಟೆ. ರಿಟೈರ್ ಆದ ದಿನ ಕೊಟ್ಟಿದ್ದ ಸ್ಟೀಲ್ ಡಬ್ಬಿ ಅದು, ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಫ್ಯಾಕ್ಟರಿ ಗೇಟಿನ ಎದುರು, ರಸ್ತೆಯ ಈಚೆ ಬದಿಯಲ್ಲಿ ಒಂದು ಹಳೆಯ ಗೋಡೆ ಇದೆ. ಟೈಲರ್ ಬೇಕು, ಹೆಲ್ಪರ್ ಬೇಕು, ರೂಮು ಬಾಡಿಗೆಗಿದೆ ಅನ್ನುವ ಹಾಳೆಗಳನ್ನೆಲ್ಲ ಅಲ್ಲೇ ಅಂಟಿಸುತ್ತಾರೆ. ಕೆಲಸಕ್ಕೆ ಬರುವ ಹೆಂಗಸರೆಲ್ಲ ಅದನ್ನು ದಾಟಿಯೇ ಬರಬೇಕು. ಅಂಟು ಸವರಿ ನನ್ನ ಹಾಳೆ ಒತ್ತಿದೆ.

ಗೇಟಿನ ಸೆಕ್ಯುರಿಟಿಯವನು ರಸ್ತೆ ದಾಟಿ ಬಂದ. ರಾಯಚೂರು ಕಡೆಯವನು. ಮೀಸೆ ಸವರಿಕೊಳ್ಳುತ್ತ ಓದಿದ.

‘ಯವ್ವಾ, ಇದರಾಗ ನನ್ನ ಮಾತೂ ಬರದೀಯಲ್ಲ.’

‘ಅಂದಿಲ್ವಾ?’

ಮೀಸೆಯಿಂದ ಕೈ ತೆಗೆದ. ‘ಅಂದೀನಿ.’

‘ಮತ್ತೆ?’

‘ಮತ್ತೇನಿಲ್ಲ,’ ಅಂದು ವಾಪಸು ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಹಾಳೆ ಹರಿದುಹಾಕಲಿಲ್ಲ.

ಹಾಸ್ಟೆಲ್ ಹುಡುಗಿಯರ ಸಾಲು ಬಂತು. ಅವಳು ಮೂರನೆಯವಳು. ಗೋಡೆಯ ಮುಂದೆ ನಿಂತಳು, ಹಿಂದಿನವರು ತಳ್ಳಿದರೂ ನಿಂತೇ ಓದಿದಳು. ನನ್ನ ಕಡೆ ತಿರುಗಿ, ‘ಇನ್‌ಚಾರ್ಜ್ ಸ್ಪೆಲಿಂಗ್ ತಪ್ಪು ಬರ್ದಿದೀಯ ಮೌಸಿ’ ಅಂದಳು. ‘ಬರ್ದಿದೀಯ ಅಲ್ಲ, ಬರ್ದಿದೀರ ಅನ್ನು’ ಅಂದೆ. ಬೆಲ್ಲು ಹೊಡೆಯಿತು, ಒಳಗೆ ಓಡಿದಳು.

ಡಬ್ಬಿಗೆ ಮುಚ್ಚಳ ಹಾಕುವಾಗ ನನ್ನ ಹಾಳೆಯ ಪಕ್ಕದ ಹಾಳೆ ಕಣ್ಣಿಗೆ ಬಿತ್ತು. ಬೆರಳಿಟ್ಟು ಓದಿದೆ. ಎರಡು ರಸ್ತೆ ಆಚೆಯ ಫ್ಯಾಕ್ಟರಿಯಲ್ಲಿ ಹೌಸ್‌ಕೀಪಿಂಗ್ ಹೆಂಗಸರು ಬೇಕಾಗಿದ್ದಾರೆ ಅಂತ ಇತ್ತು. ನಡೆದುಕೊಂಡು ಹೋಗಿ ಅಲ್ಲಿಯ ಗೇಟಿನಲ್ಲಿ ನಿಂತೆ. ಒಳಗಿನಿಂದ ಬಂದವನು ಏನು ಕೆಲಸ ಬರುತ್ತದೆ ಅಂತ ಕೇಳುವ ಮೊದಲೇ ನಾನು ಕೇಳಿದೆ, ‘ನಿಮ್ಮಲ್ಲೂ ಕಕ್ಕಸಿಗೆ ಬಿಲ್ಲೆ ಐತಾ?’